ಸುಖಾಗಮನ ಬಯಸುವವರು

ನಮ್ಮ ಕಡೆ ಮದುವೆ ಕಾರ್ಡನ್ನು ಯಾರೂ ಮೊದಲಿನಿಂದ ಓದುವುದಿಲ್ಲ. ಗಂಡು ಯಾರು, ಹೆಣ್ಣು ಯಾರು, ಮುಹೂರ್ತ ಎಷ್ಟು ಹೊತ್ತಿಗೆ, ಅದೆಲ್ಲ ಆಮೇಲೆ. ಮೊದಲು ಕಣ್ಣು ಹೋಗುವುದು ಕೆಳಗಡೆ, ‘ಸುಖಾಗಮನ ಬಯಸುವವರು’ ಅಂತ ಸಣ್ಣಕ್ಷರದಲ್ಲಿ ಅಚ್ಚು ಹಾಕಿಸಿರುವ ಹೆಸರುಗಳ ಮೇಲೆ. ಅಲ್ಲಿ ತನ್ನ ಹೆಸರಿದೆಯೋ ಇಲ್ಲವೋ, ಇದ್ದರೆ ಯಾರ ಮೇಲಿದೆ, ಯಾರ ಕೆಳಗಿದೆ? ಎಲ್ಲ ಸರಿಯಿದ್ದರೆ ಒಳ್ಳೆಯ ಸಂಬಂಧ. ಸರಿಯಿಲ್ಲದಿದ್ದರೆ ಹುಡುಗ ಕುಡಿಯುತ್ತಾನಂತೆ ಅನ್ನುವ ಸುದ್ದಿ ಅಂದೇ ಸಂಜೆ ಹೊರಡುತ್ತದೆ.

ನಮ್ಮ ಮನೆ ಒಡೆದದ್ದೂ ಇದರಿಂದಲೇ. ನನಗೊಬ್ಬ ಅಣ್ಣ, ಒಬ್ಬ ತಮ್ಮ. ಅಣ್ಣ ಕೆಜಿಎಫ್‌ನಲ್ಲಿ ಫ್ಯಾಕ್ಟರಿ ಕೆಲಸ ಮಾಡಿ ರಿಟೈರಾಗಿ ಬಂಗಾರಪೇಟೆಯಲ್ಲಿ ಮನೆ ಕಟ್ಟಿಕೊಂಡಿದ್ದಾನೆ. ತಮ್ಮ ಕ್ಯಾಸಂಬಳ್ಳಿಯಲ್ಲಿ ಟೆಂಪೋ ಇಟ್ಟುಕೊಂಡು ಮಾರ್ಕೆಟ್ಟಿಗೆ ತರಕಾರಿ ಸಾಗಿಸುತ್ತಾನೆ. ನಾನು ರಾಬರ್ಟ್‌ಸನ್‌ಪೇಟೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದೇನೆ. ಅಣ್ಣನ ಮಗಳ ಮದುವೆ ಕಾರ್ಡಿನಲ್ಲಿ ತಮ್ಮನ ಹೆಸರು ಅತ್ತಿಗೆಯ ತಮ್ಮಂದಿರ ಕೆಳಗೆ ಬಿತ್ತು. ಒಡಹುಟ್ಟಿದವನಿಗಿಂತ ಬಾಮೈದರು ಹೆಚ್ಚಾದರಾ ಅಂತ ತಮ್ಮ ಆ ಮದುವೆಗೇ ಬರಲಿಲ್ಲ. ಪ್ರೆಸ್ಸಿನವನ ತಪ್ಪು ಅಂತ ಅಣ್ಣ. ಪ್ರೆಸ್ಸಿನವನಿಗೆ ಬರೆದುಕೊಟ್ಟವರು ಯಾರು ಅಂತ ತಮ್ಮ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಒಬ್ಬನ ಗಾಡಿ ನನ್ನ ಅಂಗಡಿ ಮುಂದೆ ನಿಂತಿದ್ದರೆ ಇನ್ನೊಬ್ಬ ಒಳಗೆ ಬಾರದೆ ಹಾಗೇ ಹೋಗುತ್ತಾನೆ. ಇಬ್ಬರನ್ನೂ ಒಂದು ಪಂಕ್ತಿಯಲ್ಲಿ ಕೂರಿಸಿ ಊಟ ಬಡಿಸಬೇಕು ಅನ್ನುವುದು ನನ್ನ ಆಸೆ. ಬೇರೆ ಏನನ್ನೂ ನಾನು ಅವರಿಂದ ಕೇಳಿದವಳಲ್ಲ.

ಈ ಅಣ್ಣ ನಮ್ಮ ಬಳಗಕ್ಕೆಲ್ಲ ಸೈಬರ್ ಗುರು. ಫ್ಯಾಕ್ಟರಿಯಲ್ಲಿ ಕಳ್ಳ ಇಮೇಲುಗಳ ಬಗ್ಗೆ ಯಾರೋ ಬಂದು ಪಾಠ ಮಾಡಿದ್ದರಂತೆ. ಅದನ್ನು ಬಾಯಿಪಾಠ ಮಾಡಿಕೊಂಡು ಬಂದವನು ನಾಮಕರಣವಾದರೂ ಸರಿ, ತಿಥಿಯಾದರೂ ಸರಿ, ಎಲೆ ಮುಂದೆ ಕೂತ ಕೂಡಲೇ ಶುರು ಮಾಡುತ್ತಿದ್ದ.

“ಬ್ಯಾಂಕ್ನೋರು ಫೋನ್ ಮಾಡಿ ಓಟಿಪಿ ಕೇಳಲ್ಲ ಕಣ್ಲಾ. ಕೇಳಿದ್ರೆ ಕಳ್ಳ ಅಂತಾನೇ ತಿಳ್ಕೊ. ಅಕೌಂಟ್ ಬಂದಾಯ್ತದೆ ಅಂತ ಮೇಲ್ ಬಂದ್ರೆ ಲಿಂಕ್ ಮುಟ್ಬೇಡ, ಕಳ್ಸಿದೋನ್ ಅಡ್ರೆಸ್ ನೋಡು.”

ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ. ಕರೆಂಟ್ ಕಟ್ ಮಾಡುತ್ತೇವೆ ಅಂತ ಫೋನ್ ಮಾಡಿದ ಒಬ್ಬ ಕಳ್ಳನನ್ನು ಸ್ಪೀಕರಿನಲ್ಲಿ ಹಾಕಿ, ಬೀದಿಗೆಲ್ಲ ಕೇಳುವ ಹಾಗೆ ನೀರಿಳಿಸಿದ್ದ. ಮದುವೆ ಕಾರ್ಡಿನ ವೇಷದಲ್ಲಿ ಬರುವ ಕಳ್ಳ ಫೈಲನ್ನೂ ನನಗೆ ತಿಳಿಸಿದವನು ಅವನೇ. ಕಾರ್ಡು ಅಂದರೆ ಚಿತ್ರ, ಮುಟ್ಟಿದರೆ ಕಾಣಬೇಕು. ಇನ್‌ಸ್ಟಾಲ್ ಆಗಲಾ, ನಿಮ್ಮ ಮೆಸೇಜು ಓದಲಾ ಅಂತ ಅಪ್ಪಣೆ ಕೇಳಿದರೆ ಅದು ಕಾರ್ಡಲ್ಲ. ಹೂಂ ಅಂದರೆ ಓಟಿಪಿಯನ್ನು ಯಾರೂ ನಿಮ್ಮ ಹತ್ತಿರ ಕೇಳಬೇಕಾಗಿಲ್ಲ, ಅವರೇ ಓದಿಕೊಳ್ಳುತ್ತಾರೆ. ಸಾಲದ್ದಕ್ಕೆ ನಿಮ್ಮ ಹೆಸರಲ್ಲೇ ಆ ಫೈಲು ನಿಮ್ಮ ನೆಂಟರಿಗೆಲ್ಲ ಹೋಗುತ್ತದೆ. ಇಷ್ಟು ತಿಳಿದವನು ನಮ್ಮಣ್ಣ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಕೂತಿದ್ದೆ. ಅಣ್ಣನ ನಂಬರಿನಿಂದ ‘ಮದುವೆ ಆಮಂತ್ರಣ’ ಅಂತ ಒಂದು ಫೈಲು ಬಂತು. ನಾನು ಒತ್ತಲಿಲ್ಲ. ಜಾಣತನದಿಂದಲ್ಲ, ಸಿಟ್ಟಿನಿಂದ. ಅಣ್ಣನ ಚಿಕ್ಕ ಮಗನ ಮದುವೆ ಇರಬೇಕು, ಸ್ವಂತ ಸೋದರತ್ತೆಯನ್ನು ಕುಂಕುಮ ಇಟ್ಟು ಕರೆಯುವುದು ಬಿಟ್ಟು ಫೋನಿನಲ್ಲಿ ಕರೆಯುವುದಾ? ಕೂಡಲೇ ಫೋನ್ ಮಾಡಿದೆ.

“ಏನಣ್ಣಾ, ಮನೆತಂಕ ಬಂದು ಕರೆಯಕ್ಕೂ ಆಗ್ದಷ್ಟು ದೊಡ್ಡೋನಾಗ್ಬಿಟ್ಯಾ?”

“ಅದು ನಾನ್ ಕಳ್ಸಿದ್ದಲ್ಲಮ್ಮ. ತಾನಾಗೇ ಓಗ್ಬುಟ್ಟದೆ. ನೀನು ತೆಗೀಬೇಡ.”

ವಿಷಯ ಇಷ್ಟು. ಹಿಂದಿನ ದಿನ ಚಿಕ್ಕಪ್ಪನ ಮಗನ ನಂಬರಿನಿಂದ ಅದೇ ಫೈಲು ಅಣ್ಣನಿಗೆ ಬಂದಿತ್ತು. ಅಣ್ಣ ಒತ್ತಿದ. ಅದು ಅಪ್ಪಣೆ ಕೇಳಿತು, ಇವನು ಕೊಟ್ಟ. ಬ್ಯಾಂಕಿನ ಮೆಸೇಜೆಲ್ಲ ಅತ್ತಿಗೆಯ ಹಳೆಯ ಬಟನ್ ಫೋನಿಗೆ ಬರುತ್ತಿದ್ದುದರಿಂದ ಇವನ ದುಡ್ಡು ಉಳಿಯಿತು. ಚಿಕ್ಕಪ್ಪನ ಮಗ ಸಂಜೆಯೇ ಫೋನ್ ಮಾಡಿ, ಅದು ಕಳ್ಳ ಫೈಲು ಅಂತ ಹೇಳಿದ್ದ.

“ಎಲ್ಲಾ ಗೊತ್ತಿದ್ದೂ ಯಾಕೆ ಒತ್ತಿದೆ?”

“ನನ್ ಹೆಸ್ರು ಆಕವ್ರೋ ಇಲ್ವೋ ನೋಡಾನ ಅಂತ” ಅಂದ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಸಂಜೆನೇ ಗೊತ್ತಾದ್ರೆ ಎಲ್ರಿಗೂ ತೆಗೀಬೇಡಿ ಅಂತ ಏಳ್ಬೇಕಲ್ವಾ?”

“ಕೇಳ್ದೋರಿಗೆ ಏಳ್ತಾ ಇದ್ದೀನಿ. ನಾನೇ ಮೋಸ ಓದೆ ಅಂತ ನಾನೇ ಸಾರ್ಕೊಂಡ್ರೆ ಮಾನ ಓಗಲ್ವಾ?”

ಮಾನವಂತೆ. ಊರಿಗೆಲ್ಲ ಬುದ್ಧಿ ಹೇಳಿದ ಬಾಯಿಗೆ ಎರಡು ಮಾತು ಟೈಪ್ ಮಾಡಿ ಕಳಿಸಲು ಮಾನ ಅಡ್ಡ ಬಂತು. ಕೇಳಿದವರಿಗೆ ಹೇಳುತ್ತಾನಂತೆ. ಮಾತು ಬಿಟ್ಟು ಕೂತಿರುವ ತಮ್ಮ ಇವನನ್ನು ಹೇಗೆ ಕೇಳುತ್ತಾನೆ? ಎದುರಿಗಿದ್ದ ಗಿರಾಕಿ ಹೆಂಗಸು “ಎನ್ನಕ್ಕಾ ಆಚ್ಚು?” ಅಂತ ತಮಿಳಿನಲ್ಲಿ ಏನಾಯಿತೆಂದು ಕೇಳಿದ್ದಕ್ಕೂ ಉತ್ತರ ಕೊಡದೆ ತಮ್ಮನಿಗೆ ಫೋನ್ ಹಚ್ಚಿದೆ.

“ನಾನೇ ಮಾಡಾನ ಅಂತಿದ್ದೆ ಕಣಕ್ಕಾ” ಅಂದ ತಮ್ಮ. ಆ ದನಿಯಲ್ಲಿದ್ದ ಖುಷಿಯನ್ನು ನಾನು ಕೇಳಿ ವರ್ಷಗಳಾಗಿದ್ದವು. “ಅಣ್ಣ ಕಾರ್ಡ್ ಕಳ್ಸವ್ನೆ. ಚಿಕ್ಕೋನ್ ಮದ್ವೆ ಇರ್ಬೇಕು. ಅದೇನೇನೋ ಕೇಳ್ತು, ಎಲ್ಲಕ್ಕೂ ಸರಿ ಸರಿ ಅಂತ ಒತ್ತಿದೆ, ಆದ್ರೂ ತೆಗೀತಿಲ್ಲ. ನೀನಾದ್ರೂ ಓದೇಳಕ್ಕಾ, ಮದ್ವೆ ಯಾವತ್ತು?”

ನಾನು ವಿಷಯ ಬಿಡಿಸಿ ಹೇಳಿ, ಅವನು ಬ್ಯಾಂಕಿಗೆ ಓಡುವ ಹೊತ್ತಿಗೆ ಖಾತೆ ಖಾಲಿಯಾಗಿತ್ತು. ಹಳೆಯ ಟೆಂಪೋ ಕೊಟ್ಟು ಬೇರೆ ತೆಗೆದುಕೊಳ್ಳಲು ಗಂಡಹೆಂಡತಿ ಕೂಡಿಟ್ಟಿದ್ದ ದುಡ್ಡು ಅದು. ಸಹಾಯವಾಣಿಗೆ ಫೋನ್ ಮಾಡಿ ದೂರು ಬರೆಸಿದೆವು. ನೋಡೋಣ ಅಂದರು. ನೆಂಟರು ಒಬ್ಬೊಬ್ಬರಾಗಿ ಬಂದು, ಓಟಿಪಿ ಹೇಳಿಬಿಟ್ಟನಾ, ಅಷ್ಟೂ ತಿಳಿಯಬಾರದಾ ಅಂತ ಲೊಚಗುಟ್ಟಿ, ಕಾಫಿ ಕುಡಿದು ಹೋದರು. ಅವರಲ್ಲಿ ಎಷ್ಟು ಜನ ಅದೇ ಫೈಲನ್ನು ಒತ್ತಿ ಬಾಯಿ ಮುಚ್ಚಿಕೊಂಡಿದ್ದರೋ ದೇವರಿಗೇ ಗೊತ್ತು.

ಮಾರನೆಯ ದಿನ ನಾನು ಬಂಗಾರಪೇಟೆಗೆ ಹೋಗಿ ಅಣ್ಣನನ್ನು ಆಟೋಗೆ ಹತ್ತಿಸಿಕೊಂಡು ಕ್ಯಾಸಂಬಳ್ಳಿಗೆ ಬಂದೆ. ಬರಲ್ಲ ಅಂದಿದ್ದರೆ ಬೀದಿಯಲ್ಲೇ ನಿಂತು ಕೂಗಾಡುತ್ತಿದ್ದೆ, ಅದು ಅವನಿಗೂ ಗೊತ್ತು. ತಮ್ಮ ಟೆಂಪೋ ಪಕ್ಕ ಕೂತಿದ್ದವನು ಅಣ್ಣನನ್ನು ಕಂಡು ಎದ್ದು ನಿಂತ. ಅವನ ಹೆಂಡತಿ ನೀರು ತಂದುಕೊಟ್ಟಳು. ಇನ್ನೇನು ಅಣ್ಣ ತಪ್ಪಾಯಿತು ಅನ್ನುತ್ತಾನೆ ಅಂದುಕೊಂಡೆ.

“ಗೊತ್ತಿಲ್ದಿರೋ ಫೈಲ್ ಮುಟ್ಬಾರ್ದು ಅಂತ ಎಷ್ಟು ಸಲ ಏಳಿಲ್ಲ ನಾನು?” ಅಂದ.

ನಾನು ಹಣೆ ಚಚ್ಚಿಕೊಂಡೆ. ತಮ್ಮನಿಗೆ ಸಿಟ್ಟು ಕೂಡ ಬರಲಿಲ್ಲ.

“ಗೊತ್ತಿಲ್ದೋರ್ದಾಗಿದ್ರೆ ಮುಟ್ತಾ ಇರ್ಲಿಲ್ಲಣ್ಣ. ನೀನು ಕರ್ದೆ ಅಂದ್ಕೊಂಡೆ.” ಅಣ್ಣನ ಕೈಯಿಂದ ನೀರಿನ ಲೋಟ ಈಸಿಕೊಂಡು ಹೆಂಡತಿಯ ಕೈಗೆ ಕೊಟ್ಟ. “ದುಡ್ಡಿನ್ ಮಾತು ಬುಡು. ನಿಜವಾಗ್ಲೂ ಮದ್ವೆ ಇದ್ದಿದ್ರೆ ನನ್ನ ಕರೀತಿದ್ಯಾ?”

ಹೂಂ ಅಂದಿದ್ದರೆ ಸಾಕಿತ್ತು. ಸುಳ್ಳಾಗಿದ್ದರೂ ಸಾಕಿತ್ತು. ಅಣ್ಣ ಟೆಂಪೋ ಚಕ್ರ ನೋಡುತ್ತಾ ನಿಂತ. ಮುಖವೇ ಕಾಣದ ಕಳ್ಳ ಕೇಳಿದ್ದಕ್ಕೆಲ್ಲ ಹೂಂ ಅಂದಿದ್ದ ದೊಡ್ಡ ಮನುಷ್ಯನಿಗೆ, ತಮ್ಮನೇ ಎದುರು ನಿಂತು ಕೇಳಿದಾಗ ಬಾಯಿ ಬರಲಿಲ್ಲ.