ಅಮ್ಮ ಚಮಚ ಬಡಿಯದ ಸಂಜೆ

ಚರ್ಚಾಸ್ಪರ್ಧೆಗೆ ಪ್ರತಿ ಕಾಲೇಜಿನಿಂದ ಇಬ್ಬರು ಹೋಗಬೇಕಿತ್ತು, ಪರವಾಗಿ ಒಬ್ಬರು, ವಿರೋಧವಾಗಿ ಒಬ್ಬರು. ಇಬ್ಬರ ಅಂಕ ಕೂಡಿಸಿ ಶೀಲ್ಡ್ ಕೊಡುತ್ತಿದ್ದರು. ತೊಂಬತ್ತರ ದಶಕದ ಆ ವರ್ಷ ಭದ್ರಾವತಿಯ ನಮ್ಮ ಕಾಲೇಜಿನಿಂದ ಹೊರಟವರು ನಾನು ಮತ್ತು ನನ್ನ ಕ್ಲಾಸಿನ ಒಬ್ಬ ಹುಡುಗ. ಸ್ಪರ್ಧೆ ನಡೆಸುತ್ತಿದ್ದ ಶಿವಮೊಗ್ಗದ ಕಾಲೇಜಿನವರು ಕೊಟ್ಟ ವಿಷಯ, ‘ಗರ್ಭಪಾತ ಕೊಲೆಯೇ?’ ಚೀಟಿ ಎತ್ತಿದಾಗ ನನಗೆ ‘ಹೌದು’ ಬಂತು.

ನನಗೆ ಖುಷಿಯೋ ಖುಷಿ. ಹದಿನೆಂಟರ ವಯಸ್ಸು, ಜಗತ್ತಿನಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ‘ತಾಯಿಯ ಹೊಟ್ಟೆಯೇ ನೇಣುಗಂಬವಾದರೆ ಮಗು ಯಾರ ಮಡಿಲಿಗೆ ಓಡಬೇಕು?’ ಎಂದು ಬರೆದು, ನನ್ನ ಸಾಲಿಗೆ ನಾನೇ ಕಣ್ಣೀರು ಹಾಕಿದೆ. ದಿನಾ ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು ಅಭ್ಯಾಸ. ಶಾಲೆಯಲ್ಲಿ ಪಾಠ ಮಾಡಿ ದಣಿದು ಬಂದ ಅಮ್ಮ ಚಪಾತಿ ಲಟ್ಟಿಸುತ್ತಾ ಗಡಿಯಾರ ನೋಡಿ, ನಾಲ್ಕು ನಿಮಿಷವಾದ ಕೂಡಲೇ ಲೋಟಕ್ಕೆ ಚಮಚ ಬಡಿಯಬೇಕು. ಅದೇ ನಮ್ಮ ಗಂಟೆ.

ಒಂದು ಸಂಜೆ ಚಮಚ ಬಡಿಯಲೇ ಇಲ್ಲ. ಭಾಷಣ ಐದು ನಿಮಿಷ ದಾಟಿತೆಂದು ನಾನು ರೇಗಿದೆ. ಅಮ್ಮ ಲಟ್ಟಣಿಗೆ ಕೆಳಗಿಟ್ಟಳು.

“ನಿನಗೆ ಎರಡು ವರ್ಷ ಇದ್ದಾಗ ಇನ್ನೊಂದು ನಿಂತಿತ್ತು. ಬೇಡ ಅನ್ನಿಸ್ತು. ಮೈಯಲ್ಲೂ ತ್ರಾಣ ಇರ್ಲಿಲ್ಲ, ಮನಸಲ್ಲೂ ಇರ್ಲಿಲ್ಲ. ಆಸ್ಪತ್ರೆಗೆ ಹೋಗಿ ತೆಗೆಸ್ಕೊಂಡು ಬಂದೆ. ಅದು ಏನೂ ಅಲ್ಲ ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ. ಆದ್ರೆ ನನ್ನನ್ನೇ ಕೊಲೆಗಾರ್ತಿ ಅನ್ನೋ ಭಾಷಣಕ್ಕೆ ನಾನೇ ಗಂಟೆ ಹೊಡೀಲಾ?”

ಮೊದಲು ಅಮ್ಮನ ಮೇಲೆ ಸಿಟ್ಟು ಬಂತು, ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು. ಆಮೇಲೆ ನಾನು ಅತ್ತಿದ್ದ ಆ ಸಾಲಿನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮರುದಿನ ಪಕ್ಷ ಬದಲಾಯಿಸಿಕೊಳ್ಳೋಣ ಎಂದು ಜೊತೆಗಾರನನ್ನು ಕೇಳಿದೆ. ಪುಣ್ಯಾತ್ಮ, ಕಾರಣ ಕೇಳಲಿಲ್ಲ. “ನಂದು ಇನ್ನೂ ಅರ್ಧ ಪುಟನೂ ಆಗಿಲ್ಲ ಮಾರಾಯ್ತಿ. ನಿಂದು ರೆಡಿ ಇದೆಯಲ್ಲ, ಕೊಡು,” ಎಂದ. ಸ್ಪರ್ಧೆಯ ದಿನ ಅಮ್ಮನೂ ಶಾಲೆಗೆ ರಜೆ ಹಾಕಿ ಹೊರಟಳು, ವೇದಿಕೆಯಲ್ಲಿ ತನ್ನ ವಿಷಯ ಎತ್ತಬೇಡ ಎಂದಷ್ಟೇ ಹೇಳಿ.

ವೇದಿಕೆಯಲ್ಲಿ ಜೊತೆಗಾರ ನನ್ನ ನೇಣುಗಂಬದ ಸಾಲನ್ನು ನಾನು ಕಲಿಸಿದಂತೆಯೇ ಕೈಯೆತ್ತಿ ಹೇಳಿದ. ಮುಂದಿನ ಕುರ್ಚಿಯಲ್ಲಿದ್ದ ಲೆಕ್ಚರರ್ ಒಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಸರದಿ ಬಂತು. ಆ ಭಾಷಣ ಕಟ್ಟಿದವಳು ನಾನೇ, ಎಲ್ಲಿ ತಳ್ಳಿದರೆ ಬೀಳುತ್ತದೆಂದು ನನಗೆ ಗೊತ್ತಿತ್ತು.

“ಆ ಸಾಲಿನಲ್ಲಿ ಹೊಟ್ಟೆಯಿದೆ, ಮಡಿಲಿದೆ, ಮಗುವಿದೆ. ಹೆಂಗಸು ಎಲ್ಲಿದ್ದಾಳೆ?” ಎಂದೆ. “ಭ್ರೂಣ ಏನೂ ಅಲ್ಲ ಎನ್ನಲು ನಾನು ಬಂದಿಲ್ಲ. ಆದರೆ ಅವಳನ್ನು ಕೊಲೆಗಾರ್ತಿ ಎನ್ನುವವರು ಅವಳ ಕೈಯೂಟ ಉಂಡು, ಅವಳ ಮುಖ ನೋಡಿ ಆ ಮಾತು ಹೇಳಲಿ.”

ಚಪ್ಪಾಳೆಯಲ್ಲಿ ಗಂಟೆ ಕೇಳಿಸಲಿಲ್ಲ. ಕಣ್ಣೊರೆಸಿಕೊಂಡಿದ್ದ ಲೆಕ್ಚರರ್ ಆಮೇಲೆ ಬಂದು, ನಿನ್ನ ಮಾತು ಒಪ್ಪುವುದಿಲ್ಲ ಎಂದರು, ಆದರೂ ಕೈ ಕುಲುಕಿದರು. ಶೀಲ್ಡ್ ನಮ್ಮದಾಯಿತು.

ಭದ್ರಾವತಿ ಬಸ್ಸಿನಲ್ಲಿ ಅಮ್ಮ ಅದನ್ನು ಯಾರಿಗೂ ಕೊಡದೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಏನಮ್ಮ ಇದು ಎಂದು ಕಂಡಕ್ಟರ್ ಕೇಳಿದ.

“ನಂದೊಂದು ಕೇಸಿತ್ತು. ಮಗಳು ಗೆಲ್ಲಿಸಿಕೊಟ್ಲು,” ಎಂದಳು.

ಜಮೀನಿನದೇ ಎಂದು ಅವನು ವಿಚಾರಿಸಿದ.

“ಅಲ್ಲಪ್ಪ,” ಎಂದು ಅಮ್ಮ ನಕ್ಕಳು. “ಹದಿನಾರು ವರ್ಷದಿಂದ ನಾನೊಬ್ಳೇ ನಡೆಸ್ತಾ ಇದ್ದೆ.”