ಹುಳದ ಹಿಂಗಾಲಿನ ಆರು ಕೂದಲು

ಪುಣೆಯ ಬುಧವಾರ ಪೇಟೆಯ ನಮ್ಮ ಸ್ಟುಡಿಯೋಕ್ಕೆ ಸಿಡುಬಿನ ಕಲೆಯ ಮುಖ ಹೊತ್ತು ಬಂದವರು ಕಲೆಯಿಲ್ಲದ ಫೋಟೋ ಹಿಡಿದು ಹೋಗುತ್ತಿದ್ದರು. ಮಾಲೀಕ ಕೃಷ್ಣಾಜಿ ಅದು ತನ್ನ ಜರ್ಮನ್ ಕ್ಯಾಮೆರಾದ ಮಹಿಮೆ ಎನ್ನುತ್ತಿದ್ದ. ಸುಳ್ಳು. ಅದು ರಾಮಲಿಂಗಪ್ಪನವರ ಕೈ.

ಬೈಲಹೊಂಗಲದ ಕಡೆಯ ಈ ಮನುಷ್ಯ ಇಪ್ಪತ್ತಾರು ವರ್ಷ ಉತ್ತರದ ಕಿಟಕಿಯ ಪಕ್ಕ ಕುಳಿತು ಗಾಜಿನ ಪ್ಲೇಟುಗಳನ್ನು ತಿದ್ದಿದರು. ಪ್ಲೇಟೆಂದರೆ ನೆಗೆಟಿವ್, ಅದರಲ್ಲಿ ಎಲ್ಲವೂ ಉಲ್ಟಾ. ಫೋಟೋದಲ್ಲಿ ಬೆಳ್ಳಗೆ ಬರಬೇಕಾದಲ್ಲಿ ಪೆನ್ಸಿಲ್ಲಿನಿಂದ ಗೀಚಬೇಕು, ಕಪ್ಪಗೆ ಬರಬೇಕಾದಲ್ಲಿ ಸಣ್ಣ ಚೂರಿಯಿಂದ ಕೆರೆಯಬೇಕು. ಗೀಚಿದ್ದನ್ನು ಟರ್ಪೆಂಟೈನ್ ಹಚ್ಚಿ ಒರೆಸಬಹುದು. ಕೆರೆದದ್ದು ಮಾತ್ರ ಹೋಯಿತೆಂದರೆ ಹೋಯಿತು.

ನಾನು ರಾಘಣ್ಣ, ಅದೇ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಪ್ರಿಂಟು ಹಾಕುವವನು. ಕೃಷ್ಣಾಜಿ ನನಗೊಂದು ಕಟ್ಟಪ್ಪಣೆ ಮಾಡಿದ್ದ: ರಾಮಲಿಂಗಪ್ಪನವರು ತಿದ್ದುವ ಮೊದಲು ಯಾವ ಪ್ಲೇಟನ್ನೂ ಪ್ರಿಂಟು ಹಾಕಕೂಡದು. ತನ್ನ ನಿಜವಾದ ಮುಖ ಕಂಡ ಗಿರಾಕಿ ಮತ್ತೆ ಬರುವುದಿಲ್ಲ ಎಂಬುದು ಅವನ ಲೆಕ್ಕ. ಈ ದರಿದ್ರ ನಿಯಮವೇ ನಮ್ಮನ್ನು ಮುಳುಗಿಸಿತು.

ಮೂವತ್ತಾರನೆಯ ಇಸವಿಯ ಹೊತ್ತಿಗೆ ರಾಮಲಿಂಗಪ್ಪನವರ ಕಣ್ಣು ಹೋಗತೊಡಗಿತ್ತು. ಕಣ್ಣಿನ ನರ ಒಣಗಿವೆ, ಔಷಧವಿಲ್ಲ ಎಂದು ಡಾಕ್ಟರರು ಹೇಳಿಬಿಟ್ಟಿದ್ದರು. ಇದು ಹೆಂಡತಿ ಚನ್ನಬಸವ್ವನಿಗೂ ಗೊತ್ತಿರಲಿಲ್ಲ, ನನಗೊಬ್ಬನಿಗೇ ಗೊತ್ತಿತ್ತು. “ಕೃಷ್ಣಾಜಿಗೆ ತಿಳೀತಂದ್ರ ನಾಳೆ ಆ ಖುರ್ಚಿ ಮ್ಯಾಲೆ ಬ್ಯಾರೆಯವ ಕೂಡ್ತಾನ, ರಾಘಣ್ಣಾ. ಆ ಖುರ್ಚಿ ಬಿಟ್ರ ನಾ ಯಾರು?” ಎನ್ನುತ್ತಿದ್ದರು. ಮುಖಗಳನ್ನು ಹೇಗೋ ನಿಭಾಯಿಸುತ್ತಿದ್ದರು. ಮೂಗು ಎಲ್ಲಿರುತ್ತದೆ, ತುಟಿ ಎಲ್ಲಿರುತ್ತದೆ ಎಂದು ಅವರ ಕೈಗೇ ಗೊತ್ತಿತ್ತು. ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ಆಗ ಬಂದರು ದೇವದಾಸ್. ಧಾರವಾಡದಲ್ಲಿ ಓದಿ ಪುಣೆಯಲ್ಲಿ ಮೇಷ್ಟ್ರಾಗಿದ್ದ ಹುಳುಹುಚ್ಚಿನ ಮನುಷ್ಯ. ಮೂರು ಮಳೆಗಾಲ ಕಾತ್ರಜದ ಘಾಟಿನಲ್ಲಿ ಕಲ್ಲು ಮಗುಚಿ, ಎಳ್ಳುಕಾಳಿನಷ್ಟು ಕಂದು ಹುಳವೊಂದನ್ನು ಬೆಂಕಿಪೊಟ್ಟಣದಲ್ಲಿ ತಂದಿದ್ದರು. ಕೃಷ್ಣಾಜಿ ಅದನ್ನು ಕರಿ ಮಖಮಲ್ಲಿನ ಮೇಲಿಟ್ಟು, ಕ್ಯಾಮೆರಾವನ್ನು ಉದ್ದಕ್ಕೆ ಎಳೆದು, ಅಂಗೈಯಷ್ಟು ದೊಡ್ಡದು ಮಾಡಿ ಒಂದೇ ಒಂದು ಪ್ಲೇಟು ತೆಗೆದ. ಮರುದಿನ ದೇವದಾಸ್ ಮುಖ ಸಣ್ಣದು ಮಾಡಿಕೊಂಡು ಬಂದರು. ರಾತ್ರಿ ಇರುವೆಗಳು ಪೊಟ್ಟಣಕ್ಕೆ ನುಗ್ಗಿ ಹುಳವನ್ನು ತಿಂದು ಹಾಕಿದ್ದವು.

“ಇನ್ನ ನಿಮ್ಮ ಪ್ಲೇಟೊಂದ ನನಗ ಗತಿ,” ಎಂದು ರಾಮಲಿಂಗಪ್ಪನವರಿಗೆ ಹೇಳಿದರು. “ಇದರ ಬಳಗದ ಹುಳಕ್ಕೆಲ್ಲಾ ಹಿಂಗಾಲ ಮ್ಯಾಲೆ ನಾಕು ಬಿಳಿ ಕೂದಲ. ಇದಕ್ಕ ಆರು. ಇದು ಹೊಸ ಜಾತಿ ಅನ್ನಾಕ ಅದಽ ಗುರುತು. ಸುತ್ತಲಿನ ಧೂಳ ಅಷ್ಟಽ ತಗೀರಿ ಮಾಸ್ತರ, ಹುಳದ ಮೈ ಮುಟ್ಟಬ್ಯಾಡ್ರಿ.”

“ಆಗ್ಲಿ ತಗೋರಿ,” ಎಂದರು ರಾಮಲಿಂಗಪ್ಪನವರು. ಒಲ್ಲೆ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತಿತ್ತಲ್ಲ.

ಮಖಮಲ್ಲಿನ ಮೇಲೆ ಧೂಳು, ಎಳೆ, ನವಿರು ತುಂಬಿತ್ತು. ಅವರು ಎರಡು ದಿನ ಪ್ಲೇಟಿಗೆ ಮೂಗು ತಾಗಿಸಿಕೊಂಡು ಕೆರೆದರು. ಮೂರನೆಯ ದಿನ ನಾನು ಪ್ರಿಂಟು ಹಾಕಿದೆ. ಔಷಧದ ತಟ್ಟೆಯಲ್ಲಿ ಚಿತ್ರ ಮೂಡಿತು. ಹಿನ್ನೆಲೆ ಅಚ್ಚ ಕಪ್ಪು, ಒಂದು ಚುಕ್ಕೆ ಧೂಳಿಲ್ಲ. ಹುಳದ ಹಿಂಗಾಲು ಮಾತ್ರ ಮದುಮಗಳ ಕೆನ್ನೆಯಂತೆ ನುಣ್ಣಗಿತ್ತು. ಪ್ರಿಂಟನ್ನು ಹಸಿಯಾಗಿಯೇ ರಾಮಲಿಂಗಪ್ಪನವರ ಬಳಿಗೆ ಒಯ್ದೆ.

“ಎಷ್ಟ ಅದಾವ?” ಎಂದು ಕೇಳಿದರು.

“ಒಂದೂ ಇಲ್ರಿ.”

ಅವರು ಖುರ್ಚಿಯ ತೋಳು ಹಿಡಿದುಕೊಂಡರು. “ನನಗ ಧೂಳಿನಂಗ ಕಾಣ್ತಪಾ. ಎಲ್ಲಾ ಒಂದಽ ನಮೂನಿ ಕಾಣ್ತಾವ.” ಆಮೇಲೆ ಪೆನ್ಸಿಲ್ಲನ್ನು ನನ್ನ ಕೈಗೆ ತುರುಕಿದರು. “ಆರು ಗೆರಿ. ನೀ ಎಳಿ. ನಿನ್ನ ಕಾಲ ಹಿಡೀತೀನಿ.” ನಿಜಕ್ಕೂ ಬಗ್ಗಿದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರನ್ನು ಎತ್ತಿ ಕೂರಿಸಿದೆ, ಆರು ಗೆರೆ ಎಳೆದೆ. ಹೊಸ ಪ್ರಿಂಟು ಹಾಕಿದೆ. ಹುಳವನ್ನು ಹುಟ್ಟಿಸಿದವನಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಇವತ್ತಿಗೂ ನನಗೆ ಆ ಕೈಚಳಕದ ಬಗ್ಗೆ ಹೇಸಿಗೆಯಿದೆ.

ಮರುದಿನ ಹನ್ನೊಂದಕ್ಕೆ ದೇವದಾಸ್ ಬಂದರು. ಪ್ರಿಂಟಿನ ಮೇಲೆ ಭೂತಗನ್ನಡಿ ಹಿಡಿದು ಎಣಿಸಿದರು, ಮತ್ತೆ ಎಣಿಸಿದರು. ಅವರ ಕಣ್ಣಲ್ಲಿ ನೀರು ಬಂತು.

“ಖರೇ ಹೇಳ್ಲಿ ಮಾಸ್ತರ? ಹುಳ ಹೋದ ಮ್ಯಾಲೆ ನನಗಽ ಅನುಮಾನ ಬಂದಿತ್ತು. ಆರು ಎಣಿಸಿದ್ನೋ, ಆಸೆಗಣ್ಣಿಗೆ ಆರು ಕಂಡ್ವೋ ಅಂತ ನಿದ್ದಿ ಹತ್ತಿದ್ದಿಲ್ಲ. ಈಗ ಸಮಾಧಾನ ಆತು.”

ಇನ್ನೇನು ಹೊರಡುತ್ತಾರೆ, ಬಚಾವಾದೆವು ಎಂದುಕೊಂಡೆ ನಾನು. ಅಷ್ಟರಲ್ಲಿ ರಾಮಲಿಂಗಪ್ಪನವರು ಎದ್ದು ನಿಂತರು.

“ಸಮಾಧಾನ ಪಡಬ್ಯಾಡ್ರಿ. ಆ ಕೂದಲ ಹುಳದ್ದಲ್ಲ. ಇದ್ದವನ್ನ ನಾ ಕೆರದ ಹಾಕೀನಿ. ಈಗ ಇರೋವು ನಾ ಬರದದ್ದು.” ನನ್ನ ಹೆಸರು ಎತ್ತಲಿಲ್ಲ. ನಾನು ಮೇಜಿನ ಮೇಲಿದ್ದ ಪೆನ್ಸಿಲ್ಲನ್ನು ಜೇಬಿಗೆ ಸೇರಿಸಿದೆ.

ದೇವದಾಸರಿಗೆ ಮೊದಲು ಅರ್ಥವೇ ಆಗಲಿಲ್ಲ. “ಹಂಗಾರ ಮೊದಲ ಎಷ್ಟಿದ್ದವು? ನೀವು ನೋಡೇ ಇರ್ತೀರೆಲ್ಲಾ? ಅದನ್ನಾರ ಹೇಳ್ರಿ.”

“ನೋಡಿಲ್ರಿ. ನನಗ ಕಣ್ಣ ಕಾಣಂಗಿಲ್ಲ.”

ಪರದೆಯಾಚೆ ಕೃಷ್ಣಾಜಿ ಗಿರಾಕಿಯ ತಲೆ ಓರೆ ಮಾಡಿಸುತ್ತಿದ್ದ. ಪರದೆ ಸರಿಸಿ ಇಣುಕಿದ. ಸ್ಟುಡಿಯೋದಲ್ಲಿದ್ದವರೆಲ್ಲರಿಗೂ ಕೇಳಿಸಿತ್ತು.

ದೇವದಾಸ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಿರಾಕಿಗಳ ಬೆಂಚಿನ ಮೇಲೆ ಕುಸಿದು ಕುಳಿತು, ಖಾಲಿ ಬೆಂಕಿಪೊಟ್ಟಣವನ್ನು ಜೇಬಿನಿಂದ ತೆಗೆದು ನೋಡಿ ಮತ್ತೆ ಒಳಗಿಟ್ಟರು. ರಾಮಲಿಂಗಪ್ಪನವರು ತಡವಿ ತಡವಿ ಟರ್ಪೆಂಟೈನಿನ ಬಟ್ಟೆ ತೆಗೆದುಕೊಂಡು ನನ್ನ ಆರೂ ಗೆರೆಗಳನ್ನು ಒರೆಸಿ, ಪ್ಲೇಟನ್ನು ದೇವದಾಸರ ಕೈಗಿಟ್ಟರು. ಅವರು ಅದನ್ನು ಕಾಗದದಲ್ಲಿ ಸುತ್ತಿಕೊಂಡು ಹೋದರು. ಆಮೇಲೂ ನಾಲ್ಕು ವರ್ಷ ಭಾನುವಾರಗಳಂದು ಕಾತ್ರಜದಲ್ಲಿ ಕಲ್ಲು ಮಗುಚುತ್ತಿದ್ದರೆಂದು ಕೇಳಿದ್ದೇನೆ. ಅಂಥ ಹುಳ ಮತ್ತೆ ಸಿಗಲಿಲ್ಲ.

ಕೃಷ್ಣಾಜಿ ಕೆಟ್ಟವನಲ್ಲ. ಮರುವಾರ ಹೊಸಬನನ್ನು ಕಿಟಕಿಯ ಬಳಿ ಕೂರಿಸಿದ. ರಾಮಲಿಂಗಪ್ಪನವರಿಗೆ ಶಾಲು ಹೊದಿಸಿ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವರದೊಂದು ಫೋಟೋ ತೆಗೆದ. ಆ ಪ್ಲೇಟು ಹೊಸಬನ ಮೇಜಿಗೆ ಹೋಗುವ ಮೊದಲೇ ನಾನು ಕದ್ದು ಪ್ರಿಂಟು ಹಾಕಿದೆ. ಅವರ ಮುಖದ ಮೇಲೆ ಇನ್ನೊಬ್ಬ ಚೂರಿ ಆಡಿಸುವುದು ನನ್ನಿಂದ ಸಹಿಸಲಾಗಲಿಲ್ಲ.

ಸಂಜೆ ಅವರ ಮನೆಗೆ ಒಯ್ದು ಕೊಟ್ಟೆ. ಚನ್ನಬಸವ್ವ ಅದನ್ನು ದೀಪದ ಬಳಿ ಹಿಡಿದು ಬಹಳ ಹೊತ್ತು ನೋಡಿದರು. ಶಾಲು, ರುಮಾಲು, ಸುಕ್ಕು ಎಲ್ಲ ಸ್ಪಷ್ಟವಾಗಿ ಬಂದಿದ್ದವು. ಕಣ್ಣು ಮಾತ್ರ ಕ್ಯಾಮೆರಾ ಬಿಟ್ಟು ಬೇರೆಲ್ಲೋ ನೋಡುತ್ತಿದ್ದವು.

“ತಿದ್ದಿಲ್ಲೇನು?” ಎಂದರು ರಾಮಲಿಂಗಪ್ಪನವರು, ಕಾಗದದ ಮೇಲೆ ಬೆರಳಾಡಿಸುತ್ತ.

“ಇಲ್ರಿ. ಇದ್ದದ್ದು ಇದ್ದಂಗ ಅದ.”

“ಚಲೋ ಆತು. ಕ್ಯಾಮೆರಾ ಎಲ್ಲೈತಿ ಅಂತ ಆವತ್ತ ನನಗ ಗೊತ್ತಾಗಲಿಲ್ಲಪಾ. ದನಿ ಕೇಳಿ ಅಂದಾಜಿಲೆ ಕುಂತೆ. ಸರಿಯಾಗಿ ಅದರ ಕಡೆ ನೋಡೀನಿಲ್ಲೋ?”

ಚನ್ನಬಸವ್ವ ನನ್ನ ಮುಖ ನೋಡಿದರು.

“ಸರಿಯಾಗಿ ಅದರ ಕಡೇನಽ ನೋಡೀರಿ,” ಎಂದೆ.