ಬೀಗರ ಮನೆಯ ಜಪಾನಿ ಲೋಟ

ಬಂಡ್ರಿಯ ಪಕೀರಪ್ಪ ಪರರ ಮನೆಯಲ್ಲಿ ಚಹಾ ಕುಡಿಯುವ ಮೊದಲು ಲೋಟ ನೋಡುತ್ತಾನೆ. ಅದು ಹುಟ್ಟುಗುಣವಲ್ಲ, ಊರು ಕಲಿಸಿದ್ದು. ಅವನ ಚಿಕ್ಕಂದಿನಲ್ಲಿ ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ಅವನ ಕೇರಿಯವರಿಗೆಂದೇ ಬೇರೆ ಲೋಟ ಇರುತ್ತಿತ್ತು; ಕುಡಿದವರೇ ತೊಳೆದು ಬೋರಲು ಹಾಕಬೇಕು. ಗಣಿಯಲ್ಲಿ ದುಡಿದು ಮಗಳನ್ನು ಇಂಜಿನಿಯರ್ ಮಾಡಿದ, ಮನೆಯ ಗೋಡೆಗೆ ಬುದ್ಧನ ಪಟ ಬಂತು, ಆ ಅನುಮಾನ ಮಾತ್ರ ಹೋಗಲಿಲ್ಲ. ಕಷಾಯ ಕುಡಿದರೆ ಹೋಗಲು ಅದೇನು ನೆಗಡಿಯೇ?

ಮಗಳು ಪಲ್ಲವಿ ತನ್ನ ಕಾರ್ಖಾನೆಯಲ್ಲೇ ಕೆಲಸ ಮಾಡುವ ಮುರುಗೇಶನನ್ನು ಮದುವೆಯಾಗುತ್ತೇನೆಂದಳು. ಹುಡುಗನ ತಂದೆ ಕೊಟ್ರಯ್ಯ, ಕಮಲಾಪುರದ ರೈಸ್ ಮಿಲ್ ಸಾಹುಕಾರ, ಕೊರಳಲ್ಲಿ ಲಿಂಗ. ಮನೆ ನೋಡದೆ ಹ್ಞೂಂ ಅನ್ನುವುದಿಲ್ಲ ಎಂದು ಪಕೀರಪ್ಪ ಮಗಳೊಂದಿಗೆ ಹೊರಟ.

ಹುಡುಗನ ತಾಯಿ ಎರ್ರಮ್ಮ ಚಹಾ ತಂದಳು. ಮನೆಯವರಿಗೆಲ್ಲ ಸ್ಟೀಲ್ ಲೋಟ, ಅಪ್ಪ ಮಗಳಿಗೆ ಮಾತ್ರ ದಪ್ಪ ಗಾಜಿನವು. ಅವುಗಳ ಮೇಲೆ ಒಂದು ಚಿತ್ರ: ಕೊಂಬಿನ ಶಿರಸ್ತ್ರಾಣ, ಮೀಸೆಯ ಕಬ್ಬಿಣದ ಮುಖವಾಡ, ಕೆಂಪು ಹುರಿಯಲ್ಲಿ ಹೆಣೆದ ಕಪ್ಪು ಕವಚ. ಹೊಸ ಮನೆಗೆ ಕಟ್ಟುವ ದೃಷ್ಟಿಗೊಂಬೆಯ ಹಾಗೆ ಅದು ಪಕೀರಪ್ಪನನ್ನೇ ದುರುಗುಟ್ಟಿ ನೋಡಿತು. ಬೇರೆ ಲೋಟವೆಂಬ ಗುರುತಿಗೆ ಇದಕ್ಕಿಂತ ಬೇಕೇ? ಪಲ್ಲವಿ ಆಗಲೇ ಅರ್ಧ ಕುಡಿದಿದ್ದಳು.

"ಕಾರ್ಖಾನಿಗೆ ಬಂದಿದ್ದ ಜಪಾನಿನ ಇಂಜಿನಿಯರ್ ಸಾಹೇಬ್ರು ಮುರುಗೇಶಗ ಕೊಟ್ಟದ್ರಿ. ಹಳೇ ಕಾಲದ ಅವ್ರ ಸೈನಿಕರ ಕವಚ ಅಂತ," ಎಂದಳು ಎರ್ರಮ್ಮ. "ಯಾರಿಗೂ ಕೊಟ್ಟಿಲ್ರಿ. ನಿಮಗಂತನ ಬ್ಯಾರೆ ತೆಗೆದಿಟ್ಟಿದ್ದೆ."

'ಬ್ಯಾರೆ' ಎಂಬ ಮಾತನ್ನು ಅವನು ಜೀವಮಾನವೆಲ್ಲ ಕೇಳಿದ್ದ. ಪ್ರೀತಿಯಿಂದ ಹೇಳಿದ್ದನ್ನು ಕೇಳಿರಲಿಲ್ಲ, ಆದ್ದರಿಂದ ನಂಬಲಿಲ್ಲ. ಒಂದು ಗುಟುಕು ಕುಡಿದು ಲೋಟವನ್ನು ಕೊಟ್ರಯ್ಯನ ಮುಂದೆ ಸರಿಸಿದ.

"ನನಗ ಗಾಜು ಸುಡತೈತ್ರಿ. ಇದು ನೀವು ಕುಡೀರಿ, ನಿಮ್ಮ ಸ್ಟೀಲಿಂದು ನನಗ ಕೊಡ್ರಿ."

ಸ್ಟೀಲೇ ಹೆಚ್ಚು ಸುಡುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಮುರುಗೇಶ ಅರ್ಧ ಎದ್ದು ನಿಂತ. ಪಲ್ಲವಿ ತನ್ನ ಲೋಟ ಕೆಳಗಿಟ್ಟಳು. ಕೊಟ್ರಯ್ಯ ಲೋಟ ನೋಡಿದ, ಪಕೀರಪ್ಪನನ್ನು ನೋಡಿದ, ಆಮೇಲೆ ಎತ್ತಿ ಒಂದೇ ಉಸಿರಿಗೆ ಕುಡಿದು ಕೆಳಗಿಟ್ಟ.

ಪಕೀರಪ್ಪನಿಗೆ ನಾಚಿಕೆಯೂ ಆಯಿತು, ಹೊಟ್ಟೆ ತಣ್ಣಗೂ ಆಯಿತು. "ಒಂದು ಚಲೋ ದಿನ ನೋಡ್ರಿ, ಮದುವಿ ಮಾಡೋಣು," ಎಂದ. ಹಾಗೆನ್ನುವಾಗಲೂ ಅವನ ಕಣ್ಣು, ಎರ್ರಮ್ಮ ಲೋಟಗಳನ್ನು ಒಯ್ದ ಅಡುಗೆಮನೆಯ ಕಡೆಗೇ ಇತ್ತು. ಎಲ್ಲವನ್ನೂ ಒಟ್ಟಿಗೆ ತೊಳೆಯುತ್ತಾಳೋ ಇಲ್ಲವೋ!

ಬಸ್ಸಿನಲ್ಲಿ ಪಲ್ಲವಿ ಸಿಟ್ಟಾದಳು. "ನಿನ್ನ ಎಂಜಲ ಕುಡದ್ರಪ್ಪ ಅವ್ರು! ಆದ್ರೂ ನೀ ಒಳಗ ಬಗ್ಗಿ ಬಗ್ಗಿ ನೋಡ್ತಿದ್ದಿ."

"ನೋಡಬೇಕವ್ವ," ಎಂದ ಪಕೀರಪ್ಪ. "ನಾನೇನು, ಚಾ ಕುಡದು ಎದ್ದು ಬಂದೆ. ಅಲ್ಲಿ ದಿನಾ ಉಣ್ಣಾಕಿ ನೀನು."